ಎಳೆದರೆ ಮೇಲಿನ ಗೇರು

ಹೆಂಡತಿ ಡ್ರೈವಿಂಗ್ ಸ್ಕೂಲಿನ ಟೀಚರಾಗಿದ್ದು ಗಂಡನಿಗೆ ಲೈಸೆನ್ಸೇ ಇಲ್ಲದಿದ್ದರೆ ಅವನ ಪಾಡೇನು ಎಂದು ರೇಡಿಯೋ ರಿಪೇರಿಯವರನ್ನು ಕೇಳಬೇಕು. ದಿನ ಬೆಳಗಾದರೆ ಆಕೆ ಅವರನ್ನು ಸ್ಕೂಲಿನ ಕಾರಿನಲ್ಲೇ ಅಂಗಡಿಗೆ ಬಿಡುತ್ತಿದ್ದಳು. ಮುಂದೆ ಕಲಿಯುವವರು, ಪಕ್ಕದಲ್ಲಿ ಆಕೆ, ಹಿಂದಿನ ಸೀಟಿನಲ್ಲಿ ಊಟದ ಡಬ್ಬಿ ತಬ್ಬಿಕೊಂಡು ಇವರು. ಕಾರಿನ ನೆತ್ತಿಯ ಮೇಲೆ 'ಕಲಿಯುತ್ತಿದ್ದಾರೆ, ದೂರವಿರಿ' ಎಂಬ ಹಲಗೆ. ಇಳಿಯುವಾಗ ಪಕ್ಕದಂಗಡಿಯ ದರ್ಜಿ, "ಏನ್ ಸಾರ್, ಇವತ್ತೂ ಮನೆಯವರೇ ಬಿಟ್ರಾ?" ಎನ್ನುತ್ತಿದ್ದ. (ಕಣ್ಣೆದುರಿಗೇ ಕಂಡದ್ದನ್ನು ಕೇಳುವುದೇನಿತ್ತೋ.)

ನಾಲ್ಕು ಸಲ ಪರೀಕ್ಷೆಗೆ ಹೋಗಿ ನಾಲ್ಕು ಸಲವೂ ಡುಮ್ಕಿ ಹೊಡೆದಿದ್ದರು. ಹೆಂಡತಿ ಕಲಿಸಲಿಲ್ಲ ಎಂದಲ್ಲ. ಬೇರೆಯವರಿಗೆ "ನಿಧಾನ ಕಣಮ್ಮಾ" ಎನ್ನುವ ಬಾಯಿ ಇವರಿಗೆ, "ರೀ, ಅದು ಕ್ಲಚ್ಚು, ನನ್ನ ತಾಳ್ಮೆ ಅಲ್ಲ. ಹಾಗೆ ತುಳೀಬೇಡಿ" ಎನ್ನುತ್ತಿತ್ತು. ಐದನೆಯ ಪರೀಕ್ಷೆಗೆ ಮೂರು ವಾರ ಇರುವಾಗ ಇನ್ನು ತಾವೇ ಮನೆಯಲ್ಲಿ ಕಲಿಯುವುದೆಂದು ಅವರು ಘನಘೋರ ಪ್ರತಿಜ್ಞೆ ಮಾಡಿದರು.

ಕಂಪ್ಯೂಟರಿನಲ್ಲಿ ಕಾರ್ ರೇಸಿನ ಆಟವಿತ್ತು. ಸ್ಟೇರಿಂಗು, ಪೆಡಲ್ಲು ಕೂಡ ಇದ್ದವು. ಇಲ್ಲದ್ದು ಗೇರ್ ರಾಡ್ ಒಂದೇ. ಯಾರೋ ರಿಪೇರಿಗೆ ಕೊಟ್ಟು ಮರೆತುಬಿಟ್ಟಿದ್ದ ಆಟದ ಕಂಟ್ರೋಲರನ್ನು ಬಿಚ್ಚಿದರೆ ಹದಿನಾಲ್ಕು ಬಟನ್ನುಗಳಲ್ಲಿ ಜೀವ ಉಳಿದದ್ದು ಎರಡಕ್ಕೆ. ಎರಡೇ ಸಾಕಲ್ಲವೇ! ರಾಡನ್ನು ಹಿಂದಕ್ಕೆ ಎಳೆದರೆ ಒಂದು ಬಟನ್ ಒತ್ತಿ ಮೇಲಿನ ಗೇರು; ಮುಂದಕ್ಕೆ ತಳ್ಳಿದರೆ ಇನ್ನೊಂದು ಒತ್ತಿ ಕೆಳಗಿನ ಗೇರು. ಕೈ ಬಿಟ್ಟರೆ ರಾಡು ತಾನೇ ನಡುವಿಗೆ ಬರಲು ಸೈಕಲ್ ಸ್ಟ್ಯಾಂಡಿನ ಎರಡು ಸ್ಪ್ರಿಂಗು. ರಾಡಿಗೆ ಮಾತ್ರ ಅಡುಗೆಮನೆಗೇ ಹೋಗಬೇಕಾಯಿತು.

"ಅಮ್ಮಾ, ಆ ದೊಡ್ಡ ಸೌಟು ಕೊಡು."

"ಯಾರಿಗೋ ಬಡಿಸೋದು?"

"ಬಡಿಸೋಕಲ್ಲ, ಗೇರ್ ಹಾಕೋಕೆ."

ತಾಯಿ ಮಗನ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ. ಸೌಟು ಕೊಟ್ಟರು.

ಬೆಸುಗೆ ಹಾಕಿ, ಹಲಗೆಗೆ ಬಿಗಿದು, ಊಟದ ಮೇಜಿಗೆ ಕಚ್ಚಿಸಿ ಎಳೆದರೆ 'ಟಕ್' ಎಂಬ ಸದ್ದು. ಆ ಸದ್ದಿಗೆ ಅವರ ಎದೆ ಎರಡಂಗುಲ ಉಬ್ಬಿತು. ಹೆಂಡತಿ ಬಂದು ಒಮ್ಮೆ ಎಳೆದಳು, ಒಮ್ಮೆ ತಳ್ಳಿದಳು.

"ಇದೇನ್ರೀ, ಎಡಕ್ಕೂ ಹೋಗಲ್ಲ, ಬಲಕ್ಕೂ ಹೋಗಲ್ಲ?"

"ರೇಸಿನ ಕಾರಲ್ಲಿ ಹೀಗೇ ಇರೋದು ಕಣೇ. ನಿನಗೆ ಇವೆಲ್ಲ ಗೊತ್ತಾಗಲ್ಲ."

"ಸರಿ," ಎಂದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಆಕೆ ಒಂದೇ ಮಾತಿಗೆ ಒಪ್ಪಿದ್ದು ಅದೇ ಮೊದಲು. ಅಲ್ಲಿಗಾದರೂ ಅವರು ಎಚ್ಚೆತ್ತುಕೊಳ್ಳಬೇಕಿತ್ತು.

ಮೂರು ವಾರ ಮನೆಮಂದಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು. ಮೇಜಿನ ಮೇಲೆ ಟಕ್, ಟಕ್, ಟಕ್. ಮೊದಲು ಗೋಡೆಗೆ ಗುದ್ದುತ್ತಿದ್ದವರು ಕೊನೆಕೊನೆಗೆ ರೇಸು ಗೆಲ್ಲತೊಡಗಿದರು. ತಲೆಯನ್ನು ಕೇಳದೆ ಕೈ ತಾನಾಗಿಯೇ ಗೇರು ಬದಲಿಸುವಷ್ಟು ಪಳಗಿತು.

ಪರೀಕ್ಷೆಯ ದಿನ ಹೆಂಡತಿ ಕಡತ ಹಿಡಿದು ಗೇಟಿನ ಬಳಿ ನಿಂತಳು. ಇವರು ಮದುಮಗನಂತೆ ಕಾರು ಹತ್ತಿದರು. ಪರೀಕ್ಷಕರು ಪಕ್ಕದಲ್ಲಿ ಕುಳಿತು, "ಹೊರಡಿ" ಎಂದದ್ದೇ ತಡ, ಪಳಗಿದ ಕೈ ರಾಡನ್ನು ಹಿಂದಕ್ಕೆ ಎಳೆಯಿತು. ಮೊದಲನೇ ಗೇರಿನಲ್ಲಿ ನಿಂತಿದ್ದ ಕಾರು ನೇರ ಎರಡನೆಯದಕ್ಕೆ ಬಿತ್ತು. ಕಾರು ಕಪ್ಪೆಯಂತೆ ಕುಪ್ಪಳಿಸಿ ಆಫಾಯಿತು. ಇನ್ನೊಮ್ಮೆ ಹಾಗೆಯೇ. ಮೂರನೆಯ ಸಲ ಹೇಗೋ ನಡುಗುತ್ತಾ ಹೊರಟಿತು.

"ಮುಂದಿನ ಗೇರ್ ಹಾಕಿ ಸಾರ್."

ಎಳೆದರು. ಬೀಳಲಿಲ್ಲ; ನಿಜವಾದ ಕಾರಿನಲ್ಲಿ ಮೂರನೆಯದು ಬೀಳುವುದು ಮುಂದಕ್ಕೆ ತಳ್ಳಿದರೆ. ಕಾಲು ಊರಿ, ಹಲ್ಲು ಕಚ್ಚಿ ಮತ್ತೆ ಎಳೆದರು. ಎಂಜಿನ್ನು ಬೊಬ್ಬಿಡುತ್ತಿತ್ತು.

"ಅದೇನ್ ಸಾರ್, ಬಾವಿಯಿಂದ ನೀರು ಸೇದ್ತಿದ್ದೀರಾ?"

"ಮನೇಲಿ ಎಳೆದ್ರೆ ಬೀಳುತ್ತೆ ಸಾರ್."

"ಮನೇಲಿ ಯಾವ ಕಾರಿದೆ?"

"ಕಾರಿಲ್ಲ ಸಾರ್. ಊಟದ ಮೇಜಿದೆ."

ಪರೀಕ್ಷಕರು ಕಾರು ನಿಲ್ಲಿಸಲು ಹೇಳಿದರು. ಇವರು ಎಲ್ಲವನ್ನೂ ಬಾಯಿಬಿಟ್ಟರು: ಕಂಟ್ರೋಲರು, ಎರಡು ಬಟನ್ನು, ಸ್ಪ್ರಿಂಗು. ಪರೀಕ್ಷಕರು ಕನ್ನಡಕ ತೆಗೆದು ಒರೆಸಿದರು. ಅತ್ತಿತ್ತ ನೋಡಿ ದನಿ ತಗ್ಗಿಸಿ ಕೇಳಿದರು: "ಕೈ ಬಿಟ್ರೆ ನಡುವಿಗೆ ಬರುತ್ತಾ? ನಾನು ಮಾಡಿದ್ದು ಒಂದೇ ಕಡೆ ವಾಲ್ಕೊಂಡು ನಿಲ್ಲುತ್ತೆ."

"ಎರಡೂ ಸ್ಪ್ರಿಂಗು ಒಂದೇ ಬಿಗಿ ಇರಬೇಕು ಸಾರ್!" ಇವರ ಮುಖ ಅರಳಿತು. ಪಾಸಾದಂತೆಯೇ ಎಂದುಕೊಂಡರು.

"ಓಹೋ! ನನಗೂ ಒಂದು ಮಾಡಿಕೊಡಿ ಸಾರ್. ಶನಿವಾರ ಬರ್ತೀನಿ. ಈಗ ಇಳಿದು ಈ ಕಡೆ ಬನ್ನಿ, ಕಾರನ್ನ ನಾನೇ ಓಡಿಸ್ತೀನಿ."

"ಮತ್ತೆ ನನ್ನ ಲೈಸೆನ್ಸು?"

"ರಸ್ತೆ ಮೇಲೆ ಜನ ಓಡಾಡ್ತಾರೆ ಸಾರ್," ಎಂದರು ಪರೀಕ್ಷಕರು, ಬಹಳ ವಿನಯದಿಂದ.

ಪರೀಕ್ಷಕರು ಓಡಿಸಿಕೊಂಡು ಬಂದ ಕಾರಿನಿಂದ ಇವರು ತಲೆ ತಗ್ಗಿಸಿ ಇಳಿದಾಗ ಹೆಂಡತಿ ಗೇಟಿನ ಬಳಿಯೇ ನಿಂತಿದ್ದಳು. ಕಡತದಿಂದ ಒಂದು ಅರ್ಜಿ ತೆಗೆದು ಮುಂದೆ ಹಿಡಿದಳು. ಆರನೆಯ ಪರೀಕ್ಷೆಯದು. ಹೆಸರು, ವಿಳಾಸ, ಎಲ್ಲ ಆಗಲೇ ತುಂಬಿತ್ತು.

"ಇದನ್ನ ಯಾವಾಗ ತುಂಬಿದೆ?"

"ನೀವು ಸೀಟ್ ಬೆಲ್ಟ್ ಹಾಕ್ಕೊಳ್ತಾ ಇದ್ರಲ್ಲ, ಆಗ. ಇಲ್ಲಿ ಸಹಿ ಹಾಕಿ."