ನಾನು ಹೇಳುವವರೆಗೆ ಇಳಿಸಬೇಡ

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಊಟಕ್ಕೆ ಕೂತರೂ ಕಾಲು ಅಲ್ಲಾಡಿಸುತ್ತಿರುತ್ತೇನೆ. "ನಿಮ್ಮ ಪಕ್ಕ ಕೂತು ಉಣ್ಣೋದೂ ಒಂದೇ, ಘಾಟಿ ಬಸ್ಸಲ್ಲಿ ಕೂತು ಉಣ್ಣೋದೂ ಒಂದೇ" ಎನ್ನುತ್ತಾಳೆ ಹೆಂಡತಿ. ಇಂಥವನು ಕೊಪ್ಪದ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು. ಸಾಲದ್ದಕ್ಕೆ ಸಂಜೆ ಹೊತ್ತು ಹಿಂದಿನ ಶೆಡ್ಡಿನಲ್ಲಿ ನಾಲ್ಕು ಜನಕ್ಕೆ ವೇಟ್‌ಲಿಫ್ಟಿಂಗ್ ಬೇರೆ ಕಲಿಸುತ್ತೇನೆ. ಭಾರ ಎತ್ತುವವರು ಅವರು, ಬೆವರುವವನು ನಾನು. ಹೀಗಾಗಿ ಪೇಚಾಟಗಳು ನನ್ನನ್ನು ವಿಳಾಸ ಕೇಳದೆಯೇ ಹುಡುಕಿಕೊಂಡು ಬರುತ್ತವೆ. ಕಳೆದ ವರ್ಷವಂತೂ ಒಂದರ ಬಾಲ ಹಿಡಿದು ಇನ್ನೊಂದು ಬಂದವು.

ಎಲ್ಲದರ ಮಧ್ಯದಲ್ಲಿದ್ದವಳು ಬಸರೀಕಟ್ಟೆ ಕಡೆಯ ಒಬ್ಬ ಹುಡುಗಿ, ಎರಡನೇ ಪಿಯುಸಿ. ಕಾಲೇಜಿನ ಕಬ್ಬಿಣದ ಬೀರು ಜರುಗಿಸಲು ನಾವು ಮೂವರು ಮೇಷ್ಟ್ರುಗಳು ಏದುಸಿರು ಬಿಡುತ್ತಿದ್ದಾಗ ಒಂದು ತುದಿ ಒಬ್ಬಳೇ ಎತ್ತಿ, "ಎಲ್ಲಿಡ್ಲಿ ಸರ್?" ಅಂದವಳು. ಅಮ್ಮ ಕಾಫಿ ಎಸ್ಟೇಟಿನ ಕೆಲಸಕ್ಕೆ ಹೋಗುತ್ತಾರೆ. ರಜೆಯ ದಿನ ಇವಳೂ ಅಲ್ಲಿ ಮೂಟೆ ಹೊರುತ್ತಿದ್ದಳು. ರಾಜ್ಯಮಟ್ಟದಲ್ಲಿ ಮೊದಲ ಮೂವರಲ್ಲಿ ಬಂದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು. ಓದು, ಊಟ, ತರಬೇತಿ ಎಲ್ಲ ಅಲ್ಲೇ. ಬಾರದಿದ್ದರೆ? ಅಮ್ಮ ಮೊದಲೇ ಹೇಳಿದ್ದರು: "ಒಂದು ವರ್ಷ ನೋಡ್ತೀನಿ ಸರ್. ಆಗ್ಲಿಲ್ಲಂದ್ರೆ ನನ್ನ ಜೊತೆ ಕೆಲಸಕ್ಕೆ ಬರ್ಲಿ." ಆ ಮಾತು ಕೇಳಿದ ಮೇಲೆ ನನ್ನ ಕಾಲಿಗೆ ನಿಲ್ಲುವುದೇ ಮರೆತುಹೋಯಿತು.

ಭಾನುವಾರದ ವಿಶ್ರಾಂತಿ

ಭಾರ ಎತ್ತುವವರಿಗೆ ವಾರದಲ್ಲಿ ಒಂದು ದಿನ ಪೂರ್ತಿ ವಿಶ್ರಾಂತಿ ಬೇಕು. ಮೊದಲ ಸೋಮವಾರ ಕೇಳಿದೆ, "ನಿನ್ನೆ ರೆಸ್ಟ್ ತಗೊಂಡ್ಯಾ?"

"ಹೂಂ ಸರ್. ಮೂಟೆ ಮುಟ್ಟಲೇ ಇಲ್ಲ. ಬರೀ ಕಾಫಿ ಕುಯ್ದೆ, ಸೌದೆ ಒಡೆದೆ."

ನನಗೆ ಸಿಟ್ಟು ನೆತ್ತಿಗೇರಿತು. ಬರುವ ಭಾನುವಾರ ಚಾಪೆ ಬಿಟ್ಟು ಏಳಕೂಡದು ಎಂದು ಅಮ್ಮನಿಗೇ ಫೋನ್ ಮಾಡಿ ಹೇಳಿದೆ. ನನಗೆ ತಿಳಿಯದಿದ್ದದ್ದು ಒಂದೇ. ಎಸ್ಟೇಟಿನ ಕೆಲಸದವರ ಲೈನ್ ಮನೆಗಳಲ್ಲಿ ಹಗಲು ಹೊತ್ತು ಯಾರಾದರೂ ಮಲಗಿದ್ದರೆ ಅದು ಜ್ವರವೇ. ಬೆಳಿಗ್ಗೆ ಎಡಮನೆಯವರು ಅಮೃತಬಳ್ಳಿ ಕಷಾಯ ತಂದರು. ಬಲಮನೆಯವರು ಕಾಳುಮೆಣಸಿನದು. ಅದರಿಂದಲೂ ಜ್ವರ ಇಳಿಯಲಿಲ್ಲವೆಂದು ಹಿಂದಿನ ಮನೆಯ ಅಜ್ಜಿ ನೆಲಬೇವು ಕುದಿಸಿ, ಮೂಗು ಹಿಡಿದು ಕುಡಿಸಿ, ದೃಷ್ಟಿ ಬೇರೆ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಗೆ ಕರೆದೊಯ್ಯಲು ಜೀಪೇ ಬಂದು ನಿಂತಿತ್ತಂತೆ.

ಸೋಮವಾರ ಹುಡುಗಿ ಮುಖ ಕಿವುಚಿಕೊಂಡೇ ಬಂದಳು. "ಸರ್, ಎಷ್ಟು ಕೆಜಿ ಬೇಕಾದ್ರೂ ಹಾಕಿ, ಎತ್ತುತ್ತೀನಿ. ರೆಸ್ಟ್ ಒಂದು ಕೊಡ್ಬೇಡಿ."

ಮನಸ್ಸು ಶಾಂತವಾಗಿರಲಿ

ಬರೀ ತೋಳು ಗಟ್ಟಿಯಿದ್ದರೆ ಸಾಲದು, ಮನಸ್ಸೂ ಗಟ್ಟಿಯಿರಬೇಕು ಎಂದು ಮೊಬೈಲಿನಲ್ಲಿ ಯಾರೋ ಹೇಳುತ್ತಿದ್ದರು. ಸ್ಪರ್ಧೆಗೆ ಮೊದಲು ಕಣ್ಣು ಮುಚ್ಚಿ ಕೂತು, ಭಾರ ಎತ್ತುವುದನ್ನು ಮನಸ್ಸಿನಲ್ಲೇ ನೋಡಬೇಕಂತೆ. ಮರುದಿನವೇ ಅವಳನ್ನು ಶೆಡ್ಡಿನ ಮಧ್ಯೆ ಕೂರಿಸಿದೆ.

"ಕಣ್ಣು ಮುಚ್ಚು. ಉಸಿರು ನಿಧಾನ. ಮನಸ್ಸು ಕೆರೆ ನೀರಿನ ಹಾಗೆ ನಿಂತಿರಬೇಕು, ಗೊತ್ತಾಯ್ತಾ? ಅವಸರ ಬೇಡ. ಬೇಗ ಮಾಡು!"

ಹತ್ತು ನಿಮಿಷ ಕಳೆಯಿತು. ಹುಡುಗಿ ಕದಲಲಿಲ್ಲ. ನನಗೋ ಖುಷಿಯೋ ಖುಷಿ. ಕಣ್ಣು ಬಿಟ್ಟಾಗ ಕೇಳಿದೆ, "ಎಂತ ಕಂಡ್ತು?"

"ಕಾಣ್ಲಿಲ್ಲ ಸರ್, ಕೇಳಿಸ್ತು. ನೀವು ಆ ಗೋಡೆಯಿಂದ ಈ ಗೋಡೆಗೆ ನಲವತ್ತೆರಡು ಸಲ ಹೋಗಿಬಂದ್ರಿ. ನಲವತ್ತಮೂರನೇದಕ್ಕೆ ಚಪ್ಪಲಿ ಉಂಗುಷ್ಟ ಕಿತ್ತು ಬಂತು."

ಬಗ್ಗಿ ನೋಡಿದರೆ ಹೌದು, ಕಿತ್ತಿತ್ತು.

ಹಸಿ ಮಾಲು

ನರಸಿಂಹರಾಜಪುರದ ಆಯ್ಕೆ ಸ್ಪರ್ಧೆಗೆ ಹಿಂದಿನ ದಿನ ತೂಕ ನೋಡಬೇಕಿತ್ತು. ಅವಳದು ಐವತ್ತೈದು ಕೆಜಿ ವರ್ಗ. ಅದಕ್ಕಿಂತ ಒಂದು ಚೂರು ಜಾಸ್ತಿಯಿದ್ದರೂ ಆ ವರ್ಗದಲ್ಲಿ ಬಿಡುವುದಿಲ್ಲ. ಶೆಡ್ಡಿನ ತೂಕದ ಯಂತ್ರ ಹತ್ತಿದವರ ಮುಖ ನೋಡಿ ತೂಕ ಹೇಳುವಂಥದ್ದು. ಅಭ್ಯಾಸ ಮುಗಿದದ್ದೇ, ಬೆವರು ಒರೆಸಲೂ ಬಿಡದೆ, ಹತ್ತಿರದ ಅಡಿಕೆ ಮಂಡಿಗೆ ಎಳೆದುಕೊಂಡು ಹೋದೆ. ತೂಕ ಹಾಕುವ ಹಿರಿಯರು ಅವಳನ್ನು ಮೇಲಿಂದ ಕೆಳಗೆ ನೋಡಿ, "ಐವತ್ನಾಲ್ಕೂವರೆ ಬರ್ಕೊಳ್ಳಿ" ಅಂದರು.

ಅರ್ಧ ಕೆಜಿ ಕಡಿಮೆ! ಆ ಸಂತೋಷಕ್ಕೆ ಬೆಳಿಗ್ಗೆ ಹೋಟೆಲಿನಲ್ಲಿ ನಾನೇ ಕಡುಬು ತಿನ್ನಿಸಿದೆ. ನರಸಿಂಹರಾಜಪುರದಲ್ಲಿ ತೂಕ ನೋಡಿದರೆ ಮುಕ್ಕಾಲು ಕೆಜಿ ಜಾಸ್ತಿ. ಸ್ವೆಟರ್ ಹಾಕಿಸಿ ಮೈದಾನ ಸುತ್ತಿಸಿದೆ. ನಾನೂ ಜೊತೆಗೆ ಓಡಿದೆ, ಏಕೆಂದರೆ ನನಗೆ ನಿಲ್ಲಲು ಬರುವುದಿಲ್ಲವಲ್ಲ. ಗಡುವಿಗೆ ಎರಡು ನಿಮಿಷ ಇದ್ದಾಗ ತೂಕ ಸರಿಬಂತು.

ಮರುದಿನ ಮಂಡಿಗೆ ಜಗಳಕ್ಕೇ ಹೋದೆ. "ಎಂತ ಮಾರಾಯ್ರೆ, ನಿಮ್ಮ ತಕ್ಕಡಿ ಸುಳ್ಳು ಹೇಳ್ತದಾ?"

ಹಿರಿಯರಿಗೆ ಬೇಸರವಾಯಿತು. "ತಕ್ಕಡಿ ಸರಿ ಉಂಟು. ಐವತ್ತೈದೂವರೆ ಅಂತಲೇ ತೋರಿಸ್ತು. ಹುಡುಗಿ ಬೆವರಿ ಒದ್ದೆ ಆಗಿದ್ಲಲ್ಲ ಸರ್? ಹಸಿ ಮಾಲಿಗೆ ಒಂದು ಕೆಜಿ ಕಳೆಯೂದು ಮೊದ್ಲಿಂದ ಇರೂ ಪದ್ಧತಿ."

ಎರಡು ಕೈ

ಆ ಆಯ್ಕೆ ಸ್ಪರ್ಧೆಯಲ್ಲೇ ಇನ್ನೊಂದು ನಡೆಯಿತು. ಭಾರವನ್ನು ತಲೆಯ ಮೇಲೆ ಎತ್ತಿದರೆ ಮುಗಿಯಲಿಲ್ಲ; ತೀರ್ಪುಗಾರರು ಇಳಿಸಲು ಸೂಚನೆ ಕೊಡುವವರೆಗೆ ಕದಲದೆ ಹಿಡಿದು ನಿಲ್ಲಬೇಕು. ಕಡೆಯ ಸರದಿಯಲ್ಲಿ ಅವಳು ಶೆಡ್ಡಿನಲ್ಲಿ ಒಂದು ದಿನವೂ ಎತ್ತದ ಭಾರವನ್ನು ಎತ್ತಿ ನಿಂತಳು. ನಾನು ತಡೆಯಲಾರದೆ ಎರಡೂ ಕೈ ಮೇಲೆತ್ತಿ ಕುಣಿದೆ. ಅವಳು ನನ್ನನ್ನು ನೋಡಿ, ಕಾಫಿ ಮೂಟೆ ಇಳಿಸುವಂತೆ ಸದ್ದಿಲ್ಲದೆ ಭಾರ ಕೆಳಗಿಟ್ಟಳು. ಸೂಚನೆ ಬಂದಿರಲಿಲ್ಲ. ಕೆಂಪು ದೀಪ ಹತ್ತಿತು; ಎತ್ತಿದ್ದು ಲೆಕ್ಕಕ್ಕಿಲ್ಲ. ಮೊದಲಿನ ಸರದಿಯಲ್ಲಿ ಎತ್ತಿದ್ದರ ಪುಣ್ಯದಿಂದ ರಾಜ್ಯಮಟ್ಟಕ್ಕೆ ಹೇಗೋ ತೂರಿಕೊಂಡಳು.

"ಯಾಕೆ ಇಳಿಸಿದೆ?" ಅಂತ ಹಾರಾಡಿದೆ.

"ಎಸ್ಟೇಟಲ್ಲಿ ರೈಟರು ಮೂಟೆ ಬರ್ಕೊಂಡು ಕೈ ಎತ್ತಿದ್ರೆ ಇಳಿಸ್ತೀವಿ ಸರ್. ಅವರು ಒಂದು ಕೈ ಎತ್ತೋದು. ನೀವು ಎರಡೂ ಎತ್ತಿದ್ರಿ!"

ವಾಪಸ್ಸು ಬರುವ ಬಸ್ಸಿನಲ್ಲಿ ಒಪ್ಪಂದವಾಯಿತು. ನಾನಂದೆ, "ಯಾರು ಕೈ ಎತ್ತಲಿ, ಕಾಲು ಎತ್ತಲಿ, ನನ್ನ ಬಾಯಿಂದ 'ಇಳಿಸು' ಅಂತ ಬರೋವರೆಗೆ ಇಳಿಸಬೇಡ." ಅವಳಂದಳು, "ಆಯ್ತು ಸರ್. ನಾನು ಎತ್ತುವಾಗ ನೀವು ಎದುರಿಗೆ ಓಡಾಡಬಾರದು."

ಇಬ್ಬರೂ ಒಪ್ಪಿದೆವು. ಎರಡು ಒಪ್ಪಂದಗಳೂ ಒಟ್ಟಿಗೆ ಬಾಳಲಾರವು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಇಳಿಸು

ರಾಜ್ಯಮಟ್ಟದ ಸ್ಪರ್ಧೆ. ಕಡೆಯ ಸರದಿ. ಎತ್ತಿದರೆ ಮೂರನೇ ಸ್ಥಾನ, ಹಾಸ್ಟೆಲ್. ತಪ್ಪಿದರೆ ಸೋಮವಾರದಿಂದ ಎಸ್ಟೇಟ್. ನಾನು ಕೊಟ್ಟ ಮಾತಿನಂತೆ ಒಂದು ಕಂಬ ತಬ್ಬಿಕೊಂಡು ನಿಂತಿದ್ದೆ. ಅವಳು ಕೈ ಜಾರದಂತೆ ಪುಡಿ ಹಚ್ಚಿಕೊಂಡು ವೇದಿಕೆಯ ಕಡೆ ನಡೆದಳು. ನನ್ನ ಬಲಗಾಲು ಕುಣಿಯತೊಡಗಿತು. ಆಮೇಲೆ ಎಡಗಾಲು. ಇನ್ನು ಅರೆಗಳಿಗೆ ನಿಂತರೆ ಓಡಾಡಿಬಿಡುತ್ತೇನೆ, ಅವಳ ಮನಸ್ಸು ಕದಡುತ್ತದೆ ಎಂದು ಹೆದರಿ, ಪಕ್ಕದ ಬಾಗಿಲಿಂದ ಹೊರಗೆ ಜಾರಿಕೊಂಡೆ. ಕಣ್ಣು ಮುಚ್ಚಿ, ಕಿವಿಗೆ ಬೆರಳಿಟ್ಟು, ನೀರಿನ ಟ್ಯಾಂಕಿನ ಸುತ್ತ ಪ್ರದಕ್ಷಿಣೆ ಹಾಕತೊಡಗಿದೆ.

ಯಾರೋ ಕಿವಿಯಿಂದ ಬೆರಳು ಕಿತ್ತರು. ಬೇರೆ ಜಿಲ್ಲೆಯ ತರಬೇತುದಾರರು.

"ಎಲ್ಲಿದ್ದೀರ್ರೀ ನೀವು? ನಿಮ್ಮ ಹುಡುಗಿ ಎತ್ತಿ ನಿಂತುಬಿಟ್ಟಿದ್ದಾಳೆ! ಸೂಚನೆ ಕೊಟ್ಟಾಯ್ತು, ಮೂರೂ ಬಿಳಿ ದೀಪ ಬಂದಾಯ್ತು, ಇಳಿಸಮ್ಮ ಅಂದ್ರೆ ಇಳಿಸ್ತಿಲ್ಲ. ನಮ್ಮ ಸರ್ ಹೇಳ್ಬೇಕು ಅಂತಾಳೆ!"

ಒಂದೇ ಉಸಿರಿಗೆ ಒಳಗೆ ಓಡಿದೆ. ಸಭಾಂಗಣವೆಲ್ಲ ಎದ್ದು ನಿಂತಿತ್ತು. ತೀರ್ಪುಗಾರರೂ ಎದ್ದಿದ್ದರು. ಹುಡುಗಿಯ ಮುಖ ಕೆಂಪಡರಿತ್ತು, ತೋಳುಗಳು ಥರಥರ ನಡುಗುತ್ತಿದ್ದವು, ಕಣ್ಣು ಮಾತ್ರ ನಾನು ಬಿಟ್ಟುಹೋದ ಕಂಬದ ಮೇಲೆಯೇ ಇತ್ತು.

ಇಳಿಸು ಅನ್ನಲು ಬಾಯಿ ತೆರೆದೆ. ಓಡಿಬಂದ ಏದುಸಿರಿಗೆ ಸ್ವರವೇ ಹೊರಡಲಿಲ್ಲ. ಗಾಬರಿಯಲ್ಲಿ ಎರಡೂ ಕೈ ಮೇಲೆತ್ತಿದೆ.

ಅವಳು ಅಷ್ಟು ಭಾರದಡಿಯಿಂದಲೇ ಆಗುವುದಿಲ್ಲವೆಂದು ತಲೆ ಅಲ್ಲಾಡಿಸಿದಳು.

"ಇಳಿಸೇ ಮಾರಾಯ್ತೀ!" ಕಡೆಗೂ ಕೂಗು ಹೊರಟಿತು.

ಇಳಿಸಿದಳು, ಸದ್ದಿಲ್ಲದೆ. ಚಪ್ಪಾಳೆಯ ಮಧ್ಯೆ ಅಲ್ಲೇ ಕುಕ್ಕರಿಸಿದೆ, ಸಂಕೋಚವೇನು, ಅತ್ತೇಬಿಟ್ಟೆ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಕಾಲು ಒಂದಿಷ್ಟೂ ಅಲ್ಲಾಡಲಿಲ್ಲ. ಹುಡುಗಿ ಬಂದು ಪಕ್ಕದಲ್ಲಿ ಕೂತು, ತೋಳು ನೀವಿಕೊಳ್ಳುತ್ತ ಹೇಳಿದಳು:

"ಎತ್ತೋದು ಭಾರ ಅನ್ನಿಸ್ಲೇ ಇಲ್ಲ ಸರ್. ನಿಮ್ಮನ್ನ ಕಾಯೂದೇ ಭಾರ ಆಯ್ತು."