ಪೆರಿಯನಾಯಕಿ ಒಪ್ಪಿದ ಸೈಲೆನ್ಸರ್

ವೇಲುಸಾಮಿಯ ಬೈಕು ಒಮ್ಮೆ ಗುಡುಗಿದ್ದಕ್ಕೆ ಪೆರಿಯನಾಯಕಿ ನೇಯುತ್ತಿದ್ದ ಸೆರಗಿನಲ್ಲಿ ಒಂದು ಹೂವು ಹೆಚ್ಚಾಯಿತು. ಪೊಳ್ಳಾಚಿ ಬಳಿಯ ನೆಗಮಂನಲ್ಲಿ, ಕನ್ನಡ ಮಾತಾಡುವ ನೇಕಾರರ ಬೀದಿಯಲ್ಲಿ ಇದು ಸಣ್ಣ ಅಪರಾಧವಲ್ಲ. ಮುದುಕಿ ಮಗ್ಗದ ಗುಂಡಿಗೆ ಕಾಲಿಳಿಬಿಟ್ಟು ಕೂತು, ಎಳೆಗಳನ್ನು ಬಾಯಲ್ಲೇ ಎಣಿಸುತ್ತ ಹೂವೆತ್ತುವವಳು. ಅವಳು ಎಣಿಸುವಾಗ ಸೊಸೆ ಕೂಡ ಸೀನನ್ನು ತಡೆದುಕೊಳ್ಳುತ್ತಾಳೆ. ಅಂದು ಸೆರಗನ್ನು ಬಿಚ್ಚಿ ಮತ್ತೆ ನೇಯಬೇಕಾಯಿತು. ಬೀದಿಯ ಹಿರಿಯರು ಸೇರಿ, ಇನ್ನು ಆ ಬೈಕು ಬೀದಿ ತುದಿಯ ಟೀ ಅಂಗಡಿ ದಾಟಿ ಒಳಗೆ ಬರಕೂಡದು ಎಂದು ತೀರ್ಮಾನಿಸಿದರು.

ಅದನ್ನೂ ವೇಲುಸಾಮಿ ಸಹಿಸಿಕೊಂಡಿದ್ದ. ಆದರೆ ಹೊಸದಾಗಿ ಮದುವೆಯಾಗಿ ಬಂದ ಸೆಲ್ವಿ ಸಹಿಸಲಿಲ್ಲ. ಆ ಸಂಜೆ ತೊಂಡಾಮುತ್ತೂರಿನಲ್ಲಿ ಅವಳ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ.

"ನಮ್ಮನೆ ಬಾಗಲಲ್ಲೇ ಗಾಡಿ ಹತ್ಬೇಕು," ಎಂದಳು ಬೆಳಗ್ಗೆ. "ಪಟ್ಟು ಸೀರೆ ಉಟ್ಕೊಂಡು, ಮಲ್ಲಿಗೆ ಮುಡ್ಕೊಂಡು, ಬೀದಿ ಉದ್ದಕ್ಕೂ ನಡಿಯಕ್ಕೆ ನಾನೇನ್ ಉತ್ಸವದ ಸಾಮಿಯಾ?"

ಹೆಂಡತಿಯ ಮುಂದೆ ಮಾನ ಉಳಿಸಿಕೊಳ್ಳಲು ವೇಲುಸಾಮಿ ಸದ್ದು ಮಾಡದ ಸೈಲೆನ್ಸರ್ ಹುಡುಕಿಕೊಂಡು ಕೂಡಲೇ ನಗರದ ಉಕ್ಕಡಂ ಕಡೆ ಹೊರಟ. ಪಕ್ಕದ ಮನೆಯ ಸೆಲ್ಲಪ್ಪನ್ ಹಿಂದೆ ಹತ್ತಿ ಕೂತ. ಸೆಲ್ಲಪ್ಪನ್ ಬಳಿ ಬೈಕಿಲ್ಲ, ಬೈಕಿನ ಬಗ್ಗೆ ಬುದ್ಧಿವಾದಕ್ಕೆ ಮಾತ್ರ ಬರವಿಲ್ಲ.

ಬಿಡಿಭಾಗದ ಅಂಗಡಿಯ ಶಣ್ಮುಗಂ ಮೊದಲು ತೋರಿಸಿದ ಸೈಲೆನ್ಸರ್ ಕಿವಿಗಡಚಿಕ್ಕುವಂತೆ ಗರ್ಜಿಸಿತು. ಗಂಡಸಿನ ಗಾಡಿ ಎಂದರೆ ಇದೇ ಎಂದು ಸೆಲ್ಲಪ್ಪನ್ ತೊಡೆ ತಟ್ಟಿದ. ಎರಡನೆಯದರಲ್ಲಿ ಸದ್ದು ತಡೆಯುವ ತುಂಡೊಂದಿತ್ತು. ಪೊಲೀಸರು ಕಂಡಾಗ ಸಿಕ್ಕಿಸಿ, ಕಾಣದಾಗ ತೆಗೆದುಬಿಡಬಹುದು ಎಂದು ಶಣ್ಮುಗಂ ಕಣ್ಣು ಹೊಡೆದ. ಪೊಲೀಸರಿಗೆ ಹಾಗೆ ಟೋಪಿ ಹಾಕಬಹುದು, ಪೆರಿಯನಾಯಕಿಗೆ ಹಾಕಲಾಗದು ಎಂದು ವೇಲುಸಾಮಿ ಒಲ್ಲೆನೆಂದ. ಮೂರನೆಯದು ಹಸುವಿನಂಥ ಸಾಧು. ಆದರೆ ಏರಿನಲ್ಲಿ ಅದಕ್ಕೆ ಉಸಿರೇ ಇಲ್ಲ. ಮೀನಿನ ಬುಟ್ಟಿ ತುಂಬಿದ್ದ ಆಟೋವೊಂದು ಇವರನ್ನು ಹಿಂದಕ್ಕೆ ಹಾಕಿ ಹೋಯಿತು, ಬುಟ್ಟಿಯ ನೀರು ಕೂಡ ಇವರ ಮೇಲೇ ಹಾರಿತು.

ಕೊನೆಗೆ ಶಣ್ಮುಗಂ ಅರೆಮನಸ್ಸಿನಿಂದ ಮೂಲೆಯಿಂದ ಇನ್ನೊಂದನ್ನು ಎತ್ತಿಕೊಟ್ಟ. ರಸ್ತೆಗೆ ಯೋಗ್ಯವೆಂಬ ಮುದ್ರೆ ಅದರ ಮೈಮೇಲೇ ಇತ್ತು. ಹಾಕಿಸಿ ಅಲ್ಲಿನ ಕೆರೆಯ ಸುತ್ತ ಒಂದು ಸುತ್ತು ಹೊಡೆದ ವೇಲುಸಾಮಿಗೆ ಖುಷಿ ತಡೆಯಲಾಗಲಿಲ್ಲ. ಗಾಡಿ ಬಾಣದಂತೆ ಹೋಗುತ್ತಿತ್ತು, ಸದ್ದು ಮಾತ್ರ ಹೊಟ್ಟೆಯೊಳಗೇ ಇತ್ತು.

ಊರ ದಾರಿಯಲ್ಲಿ ಪೊಲೀಸರು ತಡೆದರು. ಹಳೆಯ ಗರ್ಜನೆಯಿಂದ ಅವರಿಗೆ ಇವನ ಮುಖಪರಿಚಯ ಚೆನ್ನಾಗಿತ್ತು. ಸದ್ದು ಅಳೆಯುವ ಮೀಟರು ಹಿಡಿದ ಹೆಡ್ ಕಾನ್‌ಸ್ಟೇಬಲ್ ಅದನ್ನು ನೋಡಿದರು, ಅಂಗೈಗೆ ಬಡಿದರು, ಮತ್ತೆ ಹಿಡಿದರು. ಆಮೇಲೆ ತಮಿಳಿನಲ್ಲಿ ಮೆಲ್ಲಗೆ, ಇದನ್ನು ಯಾವ ಅಂಗಡಿಯಲ್ಲಿ ಹಾಕಿಸಿದೆ, ನನ್ನ ಮಗನಿಗೂ ಬೇಕು ಎಂದು ಕೇಳಿದರು. ವೇಲುಸಾಮಿ ಎದೆಯುಬ್ಬಿಸಿ ವಿಳಾಸ ಹೇಳಿದ.

ಉಳಿದದ್ದು ಕಡೆಯ ಪರೀಕ್ಷೆ. ಸೆಲ್ಲಪ್ಪನ್ ಬೀದಿಯ ಮಗ್ಗಗಳನ್ನೆಲ್ಲ ನಿಲ್ಲಿಸಿದ. ಜನ ಜಗಲಿಗೆ ಬಂದರು. ಪೆರಿಯನಾಯಕಿ ಮಾತ್ರ ಮಗ್ಗದಲ್ಲಿ ಕೂತು ಎಣಿಸತೊಡಗಿದಳು. ಸೆಲ್ವಿ ಬಾಗಿಲ ಹಿಂದಿನಿಂದ ಇಣುಕುತ್ತಿದ್ದಳು. ವೇಲುಸಾಮಿ ಅಜ್ಜಿಯ ಕಿಟಕಿಯ ಕೆಳಗೇ ಹೋದ, ತಿರುಗಿಸಿದ, ಮತ್ತೆ ಬಂದ. ಮುದುಕಿ ಹೂವು ಮುಗಿಸಿ ತಲೆಯೆತ್ತಿದಳು.

"ಎಷ್ಟೊತ್ತು ಕಾಯದು? ಯಾವಾಗ ಬತ್ತಾನೆ ಅವ್ನು?"

ಇಡೀ ಬೀದಿ ಚಪ್ಪಾಳೆ ತಟ್ಟಿತು. ನಿಷೇಧ ಅಲ್ಲಿಗೇ ಮುಗಿಯಿತು. ವೇಲುಸಾಮಿ ಗೆದ್ದ ಕುದುರೆಯಂತೆ ಬೈಕನ್ನು ಮನೆಬಾಗಿಲಲ್ಲಿ ನಿಲ್ಲಿಸಿ, ಕೀಲಿಯನ್ನು ಅದರಲ್ಲೇ ಬಿಟ್ಟು, ಅಂಗಿ ಬದಲಿಸಲು ಒಳಗೆ ಹೋದ. ಆ ಬೀದಿಯ ಪದ್ಧತಿಯೇ ಹಾಗೆ. ಜಗಲಿಯ ಮುಂದೆ ಇರುವ ಏಣಿಯಾಗಲಿ, ಒರಳಾಗಲಿ ಎಲ್ಲರದೂ. ಬೇಕಾದವರು ಒಯ್ದು, ಕೆಲಸ ಮುಗಿದ ಮೇಲೆ ತಂದಿಡುತ್ತಾರೆ. ಬೈಕನ್ನು ಮಾತ್ರ ಇಷ್ಟು ದಿನ ಯಾರೂ ಮುಟ್ಟಿರಲಿಲ್ಲ. ಆ ಗುಡುಗಿನ ಮೇಲೆ ಕೂತು ಊರಿಗೆಲ್ಲ ಡಂಗುರ ಹೊಡೆಯುತ್ತ ಹೋಗಲು ಮಾನವಂತರು ಯಾರು ಒಪ್ಪುತ್ತಾರೆ?

ಸೆಲ್ವಿ ಪಟ್ಟುಸೀರೆಯಲ್ಲಿ ಹೊರಬಂದಳು. ಹಿಂದೆಯೇ ವೇಲುಸಾಮಿಯೂ ಬಂದ. ಬಾಗಿಲಲ್ಲಿ ಬೈಕಿರಲಿಲ್ಲ. ಅದು ಹೊರಟದ್ದು ಇಬ್ಬರ ಕಿವಿಗೂ ಬಿದ್ದಿರಲಿಲ್ಲ.

ಎದುರು ಮನೆಯ ವಿಜಯಕುಮಾರಿ ಅಕ್ಕಿ ಆರಿಸುತ್ತಲೇ ಸಮಾಧಾನ ಹೇಳಿದಳು. "ಸೆಲ್ಲಪ್ಪಣ್ಣ ಎತ್ಕೊಂಡೋದ್ರು ತಂಬಿ, ಬಂದ್ಬುಡ್ತಾರೆ. ಆಮೇಲೆ ನಮ್ಮವ್ರು ಗ್ಯಾಸ್ ತರಕ್ಕೆ ಹೋಗ್ಬೇಕು. ಅವ್ರಾದ್ಮೇಲೆ ಯಾರಂತ ನಂಗೊತ್ತಿಲ್ಲಪ್ಪ."

ನಿಶ್ಚಿತಾರ್ಥ ಕಾಯುವುದಿಲ್ಲ. ಇಬ್ಬರೂ ಬಸ್ಸಿಗೆಂದು ನಡೆದರು. ಜಗಲಿ ಜಗಲಿಯಿಂದಲೂ ಜನ ಸೈಲೆನ್ಸರನ್ನು ಹೊಗಳಿದರು. ವೇಲುಸಾಮಿ ನಡೆಯುತ್ತಲೇ ಕೈಮುಗಿದು ಅಭಿನಂದನೆ ಸ್ವೀಕರಿಸಿದ. ಸೆಲ್ವಿ ನೆಲ ನೋಡಿಕೊಂಡು ನಡೆದಳು.

ಟೀ ಅಂಗಡಿಯ ಹತ್ತಿರ ಮೊಣಕೈಗೆ ಗಾಳಿ ಸೋಕಿತು. ತಿರುಗಿದರೆ ಸೆಲ್ಲಪ್ಪನ್. ಅವನ ಹಿಂದೆ ಸೀರೆಗಳ ಗಂಟನ್ನು ಮಡಿಲಲ್ಲಿಟ್ಟುಕೊಂಡು ಪೆರಿಯನಾಯಕಿ ಕೂತಿದ್ದಳು.

"ತೊಟ್ಟಿಲಲ್ಲಿ ಕೂತಂಗೈತೆ ವೇಲು," ಎಂದು ಅವಳು ಮನಸಾರೆ ಹರಸಿದಳು. "ಪೊಳ್ಳಾಚಿಗೆ ಸೀರೆ ಕೊಟ್ಬುಟ್ಟು ಬತ್ತೀವಿ. ಇನ್ಮೇಲೆ ವಾರವಾರ ಇದ್ರಲ್ಲೇ."

ಬೈಕು ಸದ್ದಿಲ್ಲದೆ ಮರೆಯಾಯಿತು. ಬಸ್ಸು ಬಂತು. ಸೀಟು ಸಿಕ್ಕ ಮೇಲೆ ಸೆಲ್ವಿ ಮಲ್ಲಿಗೆ ಸರಿಪಡಿಸಿಕೊಂಡು ಬಾಯಿಬಿಟ್ಟಳು.

"ಹಳೇ ಸೈಲೆನ್ಸರ್ ಅಂಗಡೀಲೇ ಬಿಟ್ರಾ?"

ವೇಲುಸಾಮಿ ಹೌದೆಂದು ತಲೆಯಾಡಿಸಿದ.

"ಉಕ್ಕಡದಲ್ಲಿ ಹೆಂಗೂ ಬಸ್ ಬದ್ಲಾಯಿಸ್ಬೇಕು. ಇಳ್ದು ಎತ್ಕೊಂಡು ಬರಣ."