ಸಮುದ್ರದ ಪಟಕ್ಕೆ ರೋಣದ ತೇಪೆ

ಅಂಗಡಿ ಬಾಗಿಲು ತೆರೆದು ಕೂತವನಿಗೆ ಬೇಕಾದ ಗಿರಾಕಿಯೂ ಬರುತ್ತಾನೆ, ಬೇಡವಾದ ಕೆಲಸವೂ ಬರುತ್ತದೆ. ಎರಡೂ ಒಂದೇ ಚೀಲದಲ್ಲಿ ಬಂದಾಗ ಅನುಮಾನ ಪಡದವನು ವ್ಯಾಪಾರಿಯೇ ಅಲ್ಲ. ರೋಣದ ಪೇಟೆಯಲ್ಲಿ ನನ್ನದು ಸೈಕಲ್ಲು, ಟ್ರ್ಯಾಕ್ಟರ್ ಟ್ಯೂಬು, ಬೆಳೆಗೆ ಔಷಧ ಹೊಡೆಯುವ ಪಂಪುಗಳ ಅಂಗಡಿ. ಮುಂದಿನ ತಗಡಿನ ನೆರಳಲ್ಲಿ ಕೂತು ಪಂಕ್ಚರ್ ತೆಗೆಯುವವರು ಒಬ್ಬ ಹಿರಿಯ ಮಿಸ್ತ್ರಿ. ಅವರು ಹಚ್ಚಿದ ತೇಪೆ ಬಿಚ್ಚಿಕೊಂಡು ತಿರುಗಿ ಬಂದದ್ದಿಲ್ಲ. ನಮ್ಮ ಅಂಗಡಿಯ ಹೆಸರು ನಿಂತದ್ದೇ ಅದರ ಮೇಲೆ.

೧. ಚೀಲ

ಗಜೇಂದ್ರಗಡದ ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿಕಂಬಗಳು ಏಳುತ್ತಿದ್ದ ವರ್ಷಗಳು ಅವು. ಒಂದು ಸೋಮವಾರ ಮುಂಜಾನೆ ಅಲ್ಲಿಯ ಎಂಜಿನಿಯರೊಬ್ಬ ಹೆಣದ ಗಾತ್ರದ ಚೀಲ ಹೊತ್ತು ಬಂದ. ಕಾರವಾರದವನು, ಮಾತು ಮೆತ್ತಗೆ. ಮೆತ್ತಗೆ ಮಾತಾಡುವವರ ಚೀಲ ನಾನು ಮೊದಲು ನೋಡುತ್ತೇನೆ.

"ಏನೈತ್ರಿ ಇದರಾಗ?"

"ಗಾಳಿಪಟ ಸಾಹುಕಾರ್ರೇ. ಇದನ್ನು ಹಾರಿಸಿ, ಕಾಲಿಗೆ ಹಲಗೆ ಕಟ್ಟಿಕೊಂಡು ಸಮುದ್ರದ ಮೇಲೆ ಜಾರೋದು."

"ಸಮುದ್ರ ನಿಮ್ಮೂರಾಗ ಐತಿ. ಪಟ ನಮ್ಮೂರಿಗೆ ಯಾಕ ಬಂತು?"

ಅವನು ಬಿಚ್ಚಿ ತೋರಿಸಿದ. ಪಟದ ಮುಂದಿನ ಅಂಚಿನುದ್ದಕ್ಕೂ ಬಾಳೆದಿಂಡಿನಂಥ ಒಂದು ಗಾಳಿಕೊಳವೆ. ಅದಕ್ಕೆ ಗಾಳಿ ತುಂಬಲು ಒಂದು ಸಣ್ಣ ಬಾಯಿ, ಆಟ ಮುಗಿದ ಮೇಲೆ ಬಿಡಲು ಒಂದು ದೊಡ್ಡ ಬಾಯಿ. ದೊಡ್ಡ ಬಾಯಿಯ ವಾಲ್ವು ಸೋರುತ್ತಿತ್ತು. ಹೊಸ ವಾಲ್ವು ಪರದೇಶದಿಂದ ಬರಬೇಕಂತೆ, ಎರಡು ತಿಂಗಳಂತೆ. ಅವನ ರಜೆಯೋ ಬರುವ ಶುಕ್ರವಾರದಿಂದ ನಾಲ್ಕೇ ದಿನ.

"ಹೋದ ಸಲ ದಂಡೆಯಿಂದ ಭಾಳ ದೂರ ಹೋದಾಗ ಗಾಳಿ ಇಳೀತು," ಅಂದ. "ಪಟ ನೀರಿಗೆ ಬಿತ್ತು, ನಾನೂ ಬಿದ್ದೆ. ಮೀನುಗಾರರ ದೋಣಿ ಬರದಿದ್ರೆ ಇವತ್ತು ನಿಮ್ಮೆದುರು ಇರ್ತಿರಲಿಲ್ಲ."

ಅಂದರೆ ನಮ್ಮ ತೇಪೆ ಬಿಚ್ಚಿದರೆ ಈ ಸಲ ಗಿರಾಕಿಯೇ ಹೋಗುತ್ತಾನೆ, ಅವನ ಬೆನ್ನಿಗೆ ಅಂಗಡಿಯ ಹೆಸರೂ ಹೋಗುತ್ತದೆ. ಒಲ್ಲೆ ಅನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮಿಸ್ತ್ರಿ ಕೊಳವೆಯನ್ನು ತೊಡೆಯ ಮೇಲೆ ಎಳೆದುಕೊಂಡಿದ್ದರು.

"ಅಷ್ಟೆತ್ತರದ ಕಂಬ ನಿಲ್ಲಿಸಿ ಗುಡ್ಡದ ಗಾಳೀನೆಲ್ಲಾ ಹಿಡೀತೀರಿ," ಅಂದರು ಅವರು. "ಇಷ್ಟು ಚೀಲದಾಗಿಂದು ಹಿಡಿಯಾಕ ಬರಲಿಲ್ಲೇನ್ರಿ ಸಾಹೇಬ್ರ?"

೨. ಉಗುಳು

ಸೋರುವ ಜಾಗ ಹುಡುಕಲು ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸುವುದು ಕ್ರಮ. ಆದರೆ ಈ ಕೊಳವೆ ನಮ್ಮ ಅಂಗಡಿಗಿಂತ ಉದ್ದ. ಮಿಸ್ತ್ರಿ ವಿಚಾರ ಮಾಡಲಿಲ್ಲ. ಸೈಕಲ್ ವಾಲ್ವಿಗೆ ಮಾಡುವಂತೆ ಬೆರಳಿಗೆ ಉಗುಳು ಹಚ್ಚಿ ಕೊಳವೆಯ ದೊಡ್ಡ ಬಾಯಿಯ ಬುಡಕ್ಕೆ ಸವರಿದರು. ಗುಳ್ಳೆ ಎದ್ದಿತು.

ಎಂಜಿನಿಯರಿಗೆ ನಂಬಿಕೆ ಬರಲಿಲ್ಲ. "ಅದು ಗಾಳಿಯ ಗುಳ್ಳೆಯೋ, ನಿಮ್ಮ ಉಗುಳಿನ ಗುಳ್ಳೆಯೋ?"

"ನಲವತ್ತು ವರ್ಷದ ಉಗುಳ್ರಿ ಇದು. ಸುಳ್ಳು ಹೇಳಂಗಿಲ್ಲ."

"ನೀವು ಎಲೆಅಡಿಕೆ ಹಾಕಿದ್ದೀರಿ. ಅದಕ್ಕೇ ನೊರೆ ಬಂದಿರಬಹುದು."

ಈ ಮಾತಿನಲ್ಲಿ ನನಗೆ ಸತ್ಯ ಕಂಡಿತು. ಮಿಸ್ತ್ರಿಯ ಕೈಯ ಮೇಲೆ ನನಗೆ ವಿಶ್ವಾಸವಿದೆ, ಅವರ ಎಲೆಅಡಿಕೆಯ ಮೇಲಿಲ್ಲ. ಆದ್ದರಿಂದ ಎಂಜಿನಿಯರು ತನ್ನ ಉಗುಳು ಹಚ್ಚಿ ನೋಡಿದ. ಗುಳ್ಳೆ ಬಂತು. ಇಬ್ಬರೂ ಕೂಡಿ ನನ್ನನ್ನು ಕೆಲಸಕ್ಕೆ ಒಪ್ಪಿಸಲು ಆಟ ಕಟ್ಟಿದ್ದಾರೋ ಏನೋ ಅಂತ ನಾನೂ ಹಚ್ಚಿ ನೋಡಿದೆ. ಬಂತು.

ಅಷ್ಟೊತ್ತಿಗೆ ಪಂಪಿಗೆ ವಾಷರ್ ಒಯ್ಯಲು ಬಂದಿದ್ದ ಅಬ್ಬಿಗೇರಿಯ ರೈತನೊಬ್ಬ ಇದನ್ನೆಲ್ಲ ನೋಡುತ್ತ ನಿಂತಿದ್ದ. ಬಾಯಲ್ಲಿದ್ದ ತಂಬಾಕು ತೆಗೆದು ಚೆಲ್ಲಿ, ಬಾಯಿ ಒರೆಸಿಕೊಂಡು ಕೇಳಿದ: "ನಂದು ಪಾಳಿ ಯಾವಾಗ್ರಿ?"

೩. ಒಳಗೇನಿದೆ

ಸೋರಿಕೆ ಎಷ್ಟಿದೆ ನೋಡೋಣ ಎಂದು ಕೊಳವೆಗೆ ಪೂರ್ತಿ ಗಾಳಿ ತುಂಬಿ ಅಂಗಡಿಯ ಮುಂದೆ ಮಲಗಿಸಿದೆವು. ಕೆಂಪು ಬಣ್ಣದ್ದು, ಬಿಲ್ಲಿನಂತೆ ಬಾಗಿ ರಸ್ತೆಯ ಅರ್ಧಕ್ಕೆ ಚಾಚಿತು. ಎದುರಿನ ಅರಿವೆ ಅಂಗಡಿಯವರಿಗೆ ನನ್ನ ಅಂಗಡಿ ಮುಂದೆ ಜನ ನಿಂತರೆ ತಡೆದುಕೊಳ್ಳಲಾಗುವುದಿಲ್ಲ. ಠಾಣೆಗೆ ಹೇಳಿಕಳಿಸಿದ್ದು ಅವರೇ ಎಂದು ನನಗೆ ಇವತ್ತಿಗೂ ಗುಮಾನಿ. ಹತ್ತು ನಿಮಿಷದಲ್ಲಿ ಒಬ್ಬ ಪೊಲೀಸ್ ಪೇದೆ ಬಂದು ಲಾಠಿಯಿಂದ ಕೊಳವೆಯನ್ನು ಮೆಲ್ಲಗೆ ಮುಟ್ಟಿದ.

"ಇದರಾಗ ಏನೈತಿ?"

"ಗಾಳಿ," ಅಂದೆ.

"ಎಲ್ಲಿದು?"

"ಇಲ್ಲೀದs. ಈಗ ತುಂಬೇವಿ."

"ತೆಗೆದು ತೋರಸ್ರಿ."

ಮಿಸ್ತ್ರಿ ದೊಡ್ಡ ಬಾಯಿ ತೆರೆದರು. ಗಾಳಿ ಬುಸ್ಸೆಂದು ಹೋಯಿತು, ಕೊಳವೆ ಮಲಗಿತು. ಪೇದೆ ಒಳಗೆ ಇಣುಕಿದ.

"ಏನೂ ಇಲ್ಲಲ್ಲ."

"ಅದನ್ನs ಹೇಳಾಕತ್ತೇವ್ರಿ."

"ಇಷ್ಟೊತ್ತನಕ ಇತ್ತು, ನಾ ಕೇಳಿದ ಕೂಡಲೇ ಇಲ್ಲ ಅಂದ್ರ ಹ್ಯಾಂಗ?"

ಮತ್ತೆ ತುಂಬಿದೆವು. ಅವನು ಕಿವಿಯಿಟ್ಟು ಕೇಳಿದ, ಮೂಸಿ ನೋಡಿದ. ಕೊನೆಗೆ ಕಿಸೆಯ ಪುಸ್ತಕ ತೆಗೆದು ಒಂದೇ ಸಾಲು ಬರೆದು ಹೊರಟ. ನಾನು ಹೆಗಲ ಮೇಲಿಂದ ಓದಿಕೊಂಡೆ: "ಪರಿಶೀಲಿಸಲಾಗಿ ಒಳಗೆ ಏನೂ ಇರುವುದಿಲ್ಲ, ಆದರೆ ತುಂಬಿರುತ್ತದೆ."

೪. ಚಕ್ಕುಬಂದಿ

ಕೆಲಸ ಹಿಡಿಯುವುದೇ ಆದರೆ ನನಗೊಂದು ಬರವಣಿಗೆ ಬೇಕಿತ್ತು. ನಾಳೆ ಈ ಮನುಷ್ಯ ನೀರಿನಲ್ಲಿ ಹೋದರೆ ಅವನ ಮಂದಿ ಮೊದಲು ಹುಡುಕುವುದು ತೇಪೆ ಹಚ್ಚಿದವನನ್ನು. ಆದ್ದರಿಂದ ಎಂಜಿನಿಯರನ್ನು ತಹಶೀಲ್ದಾರ ಕಚೇರಿಯ ಹೊರಗೆ ಗಿಡದ ಕೆಳಗೆ ಕೂರುವ ಪತ್ರ ಬರೆಯುವವರ ಹತ್ತಿರ ಒಯ್ದೆ. ಅವರು ಛಾಪಾಕಾಗದ ಹರಡಿ, ಬರೆಯಲು ಶುರು ಮಾಡಿದರು. ಹೊಲದ ಖರೀದಿಪತ್ರ ಬರೆದೂ ಬರೆದೂ ಅವರ ಕೈಗೆ ಬೇರೆ ದಾರಿ ಗೊತ್ತಿಲ್ಲ.

"ಆಸ್ತಿ ಏನ್ರಿ?"

"ಗಾಳಿಪಟ."

"ಎಷ್ಟು ಎಕರೆ?"

"ಹನ್ನೆರಡು ಚದರ ಮೀಟರ್," ಅಂದ ಎಂಜಿನಿಯರು.

"ಚಕ್ಕುಬಂದಿ ಹೇಳ್ರಿ. ಪೂರ್ವಕ್ಕ ಯಾರದು?"

ಪಟಕ್ಕೆ ಎಲ್ಲೆ ಇರುವುದಿಲ್ಲವೆಂದು ಎಂಜಿನಿಯರು ಪರಿಪರಿಯಾಗಿ ಹೇಳಿದ. ಪತ್ರದವರು ಪೆನ್ನು ಕೆಳಗಿಟ್ಟರು. "ನಾಲ್ಕು ದಿಕ್ಕು ಇಲ್ಲದ ಕಾಗದಕ್ಕ ನಾ ಸಹಿ ಮಾಡಂಗಿಲ್ಲರಿ. ಮುಂದ ತಕರಾರು ಬರತಾವ."

ಬೇರೆ ದಾರಿ ಇರಲಿಲ್ಲ. ಪೂರ್ವಕ್ಕೆ ಕಾರವಾರದ ದಂಡೆ, ಪಶ್ಚಿಮಕ್ಕೆ ಸಮುದ್ರ, ಉತ್ತರಕ್ಕೂ ಸಮುದ್ರ, ದಕ್ಷಿಣಕ್ಕೂ ಸಮುದ್ರ ಎಂದು ಬರೆಸಿದ. ಪತ್ರದವರು ಅದನ್ನು ಎರಡು ಸಲ ಓದಿ, ಕನ್ನಡಕ ಏರಿಸಿ, ನನ್ನ ಕಿವಿಯಲ್ಲಿ ಹೇಳಿದರು: "ಸಾವ್ಕಾರ್ರ, ಇದನ್ನ ತಗೋಬ್ಯಾಡ್ರಿ. ಮೂರು ಕಡೆ ನೀರು ನಿಂತ ಜಾಗಾದಾಗ ಏನೂ ಬೆಳ್ಯಾಂಗಿಲ್ಲ."

೫. ಬಿಡುವ ಬಾಯಿ

ನಮ್ಮ ರಬ್ಬರ್ ಸೊಲ್ಯೂಷನ್ ಆ ಪ್ಲಾಸ್ಟಿಕ್ಕಿಗೆ ಹಿಡಿಯಲಿಲ್ಲ. ಒಣಗಿದ ಮೇಲೆ ಕೆನೆಯಂತೆ ಎದ್ದು ಬಂತು. ಮಿಸ್ತ್ರಿ ಗಜೇಂದ್ರಗಡದಲ್ಲಿ ಬೂಟು ಹೊಲಿಯುವ ತಮ್ಮ ಅಳಿಯನಿಂದ ಬೂಟಿನ ತಳ ಕೂಡಿಸುವ ಅಂಟು ತರಿಸಿದರು. ಅದು ಹಿಡಿಯಿತು. ಎಂಜಿನಿಯರು ಗುಡ್ಡಕ್ಕೆ ಹೋದ. ಕೊಳವೆ ಗಾಳಿ ತುಂಬಿಕೊಂಡು ಮೂರು ದಿನ ನನ್ನ ಗೋದಾಮಿನಲ್ಲಿ ಮಲಗಿತ್ತು. ಹೊತ್ತಿಗೊಮ್ಮೆ ಹೋಗಿ ಒತ್ತಿ ನೋಡುತ್ತಿದ್ದೆ. ಕಲ್ಲಿನಂತೆ ಇತ್ತು.

ಶುಕ್ರವಾರ ಎಂಜಿನಿಯರು ಬಂದು ಒತ್ತಿ ನೋಡಿ ಮಿಸ್ತ್ರಿಯ ಎರಡೂ ಕೈ ಹಿಡಿದುಕೊಂಡ. ನರಗುಂದದ ಮೇಲೆ ಹಾಯ್ದು ಹುಬ್ಬಳ್ಳಿಗೆ ಹೋಗುವ ಬಸ್ಸಿಗೆ ಇನ್ನು ಅರ್ಧ ತಾಸಿತ್ತು. ಗಾಳಿ ಬಿಟ್ಟು ಮಡಿಚಲು ದೊಡ್ಡ ಬಾಯಿ ಹುಡುಕಿದ. ಬಾಯಿ ಇರಲಿಲ್ಲ. ಅದರ ಮೇಲೆ ಅಂಗೈಯಗಲ ತೇಪೆ, ತೇಪೆಯ ಮೇಲೆ ಇನ್ನೊಂದು ತೇಪೆ.

"ಮಿಸ್ತ್ರಿ, ಇದನ್ನ ಮುಚ್ಚಿಬಿಟ್ರಾ?"

"ಸೋರತಿದ್ದದ್ದು ಅದs ಅಲ್ಲೇನ್ರಿ?"

"ಈಗ ಗಾಳಿ ಹೊರಗೆ ಹೋಗೋದು ಹೇಗೆ?"

ಮಿಸ್ತ್ರಿ ಅವನನ್ನು ಅನುಮಾನದಿಂದ ನೋಡಿದರು. "ನಾಲ್ಕು ದಿನದಿಂದ ಗಾಳಿ ಹೋಗಬಾರದು ಅಂತ ಬಡಕೊಂಡವ್ರು ನೀವs."

ಉಳಿದದ್ದು ತುಂಬುವ ಸಣ್ಣ ಬಾಯಿ. ಅದರೊಳಗೆ ಗಾಳಿಯನ್ನು ತಿರುಗಿ ಬಿಡದ ಒಂದು ನಾಲಿಗೆ ಇತ್ತು. ಪೆನ್ನಿನ ರಿಫಿಲ್ ತುರುಕಿ ನಾಲಿಗೆ ಎತ್ತಿ ಹಿಡಿದರೆ ಇರುವೆ ಉಸಿರಾಡಿದಷ್ಟು ಗಾಳಿ ಹೊರಬರುತ್ತಿತ್ತು. ಮೂವರೂ ಹೊತ್ತು ಬಸ್ ಸ್ಟ್ಯಾಂಡಿಗೆ ಒಯ್ದೆವು. ಕಂಡಕ್ಟರು ಬಸ್ಸಿನ ಮೇಲೆ ಕಟ್ಟೋಣ ಅಂದ.

"ಬೇಡ, ಇದು ಗಾಳಿಗೆ ನನ್ನನ್ನೇ ಎತ್ತಿಕೊಂಡು ಹೋಗತ್ತೆ," ಅಂದ ಎಂಜಿನಿಯರು. ಅದನ್ನು ಕೇಳಿ ಡ್ರೈವರು ತನ್ನ ಸೀಟಿನಿಂದ ಇಳಿದು ಬಂದ.

ಕಡೆಗೆ ಕೊಳವೆಯನ್ನು ಫಲಾಟಿನ ಕಟ್ಟೆಯ ಮೇಲೆ ಉದ್ದಕ್ಕೆ ಹಾಕಿ, ಎಂಜಿನಿಯರು ರಿಫಿಲ್ ಹಿಡಿದು, ಮಿಕ್ಕವರು ಮೇಲೆ ಕೂತೆವು: ನಾನು, ಮಿಸ್ತ್ರಿ, ಕಂಡಕ್ಟರು, ಡ್ರೈವರು, ನರೇಗಲ್ ಬಸ್ಸಿಗೆ ಕಾಯುತ್ತಿದ್ದ ಇಬ್ಬರು. ಬೆಳವಣಕಿಯ ಅಜ್ಜಿಯೊಬ್ಬಳು ಬಂದು ಬಸ್ಸು ಯಾವಾಗ ಬಿಡುತ್ತದೆ ಅಂದಳು.

"ಗಾಳಿ ಹೋದ ಮ್ಯಾಲೆ, ಯವ್ವಾ," ಅಂದ ಡ್ರೈವರು.

ಅವಳು ಗಂಟು ಕೆಳಗಿಟ್ಟು ತಾನೂ ಒಂದು ತುದಿಗೆ ಕೂತಳು. ಬಸ್ಸು ಮುಕ್ಕಾಲು ತಾಸು ತಡವಾಗಿ ಹೊರಟಿತು.

ಆಮೇಲಿನ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಫೋನು ಗಂಟೆ ಬಾರಿಸಿದರೆ ಅವನ ಮಂದಿಯೇ ಇರಬೇಕು ಅನ್ನಿಸುತ್ತಿತ್ತು. ರವಿವಾರ ಸಂಜೆ ಫೋನು ಬಂತು. ಎತ್ತಿ ಮೊದಲು ಕೇಳಿದೆ: "ನೀವs ಮಾತಾಡೂದು ಖರೇ ಏನ್ರಿ? ಬ್ಯಾರೆ ಯಾರೂ ಅಲ್ಲಲ್ಲ?"

"ನಾನೇ ಸಾಹುಕಾರ್ರೇ. ಮೂರು ತಾಸು ನೀರಿನ ಮೇಲಿದ್ದೆ. ಒಂದು ಗುಳ್ಳೆ ಏಳಲಿಲ್ಲ."

ಮಿಸ್ತ್ರಿಗೆ ಕೈಸನ್ನೆ ಮಾಡಿದೆ. ಅವರು ಕಣ್ಣು ಮುಚ್ಚಿ ಮುಖ ಮೇಲೆತ್ತಿದರು. ಆದರೆ ಅತ್ತ ಕಡೆಯ ದನಿಯಲ್ಲಿ ಕಳೆ ಇರಲಿಲ್ಲ, ಏದುಸಿರು ಬೇರೆ.

"ಮತ್ತ ಯಾಕ ಹಿಂಗ ತೇಕಾಕತ್ತೀರಿ?"

"ದಂಡೆಗೆ ಬಂದು ಎರಡು ತಾಸಾಯ್ತು, ಅದರ ಮೇಲೇ ಕೂತು ಒತ್ತುತ್ತಿದ್ದೀನಿ," ಅಂದ. "ನಿಮ್ಮಲ್ಲಿ ಏಳು ಮಂದಿ ಇದ್ರಿ. ಇಲ್ಲಿ ಬಂದು ಕೂತ್ಕೊಳ್ಳಿ ಅಂತ ಕರೆದರೆ ಯಾರೂ ನಂಬ್ತಿಲ್ಲ."